ಮುಂಬದಿಯ ಹಲ್ಲಿನ ಕಾಂಪೋಸಿಟ್ ಫಿಲ್ಲಿಂಗ್

ಮುರಿದ, ಸವೆದ ಅಥವಾ ಸಂದುಬಿಟ್ಟ ಮುಂಬದಿಯ ಹಲ್ಲನ್ನು ಹಲ್ಲಿನದೇ ಬಣ್ಣದ ರಾಳದಿಂದ ತಿದ್ದುವ ಚಿಕಿತ್ಸೆ. ಆಮ್ಲ ಹಚ್ಚಿ ಎನಾಮೆಲ್ ಒರಟಾಗಿಸಿದರೆ ರಾಳ ಭದ್ರವಾಗಿ ಕಚ್ಚಿಕೊಳ್ಳುತ್ತದೆಂದು 1955ರಲ್ಲಿ ಮೈಕೆಲ್ ಬ್ಯೂನೊಕೋರ್ ತೋರಿಸಿದರು; 1962ರಲ್ಲಿ ರಫಾಯೆಲ್ ಬೋವೆನ್ ಸಿಲಿಕಾ ಪುಡಿ ಬೆರೆಸಿದ ರಾಳಕ್ಕೆ ಪೇಟೆಂಟ್ ಪಡೆದರು. ಇಂದು ಠಾಣೆ, ಡೊಂಬಿವಲಿ, ಕಲ್ಯಾಣದ ಕ್ಲಿನಿಕ್‌ಗಳಲ್ಲೂ ನವಿ ಮುಂಬಯಿಯ ನೆರೂಳ್, ಕಾಮೋಠೆಗಳ ದಂತ ಕಾಲೇಜುಗಳಲ್ಲೂ ಇದು ನಿತ್ಯದ ಕೆಲಸ. ಫಾಸ್ಫರಿಕ್ ಆಮ್ಲದ ಜೆಲ್ ಹಚ್ಚಿ, ತೊಳೆದು ಒಣಗಿಸಿದಾಗ ಎನಾಮೆಲ್ ಸೀಮೆಸುಣ್ಣದಂತೆ ಮಂಕಾಗುತ್ತದೆ. ಅಂಟು ಸವರಿ, ಸುಮಾರು 2 ಮಿ.ಮೀ. ದಪ್ಪದ ಪದರಗಳಲ್ಲಿ ರಾಳವಿಟ್ಟು ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಬಣ್ಣವನ್ನು ಮಾತ್ರ ಹಲ್ಲು ಒದ್ದೆಯಿರುವಾಗಲೇ ಆರಿಸಬೇಕು. ಒಣಗಿದ ಹಲ್ಲು ಹೆಚ್ಚು ಬೆಳ್ಳಗೆ ಕಂಡು ಮೋಸ ಮಾಡುತ್ತದೆ.

ಸಣ್ಣ ಮುರಿತಕ್ಕೆ ಕ್ಯಾಪ್‌ಗಿಂತ ಇದೇ ಮೊದಲ ಆಯ್ಕೆಯಾಗಬೇಕು. ಕ್ಯಾಪ್ ಕೂರಿಸಲು ಅದೇ ಹಲ್ಲಿನ ಗಟ್ಟಿ ಭಾಗವನ್ನೂ ಸುತ್ತಲೂ ಅರೆಯಬೇಕು, ಅರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಚಹಾ, ತಂಬಾಕಿನಿಂದ ಕಾಂಪೋಸಿಟ್ ಕಲೆಗಟ್ಟುತ್ತದೆ, ಅಂಚು ಒಡೆಯುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಪಾಲಿಶ್ ಮಾಡಬಹುದು, ಒಡೆದಷ್ಟನ್ನೇ ಮತ್ತೆ ತುಂಬಬಹುದು. ಒಡೆದ ಪಿಂಗಾಣಿ ಕ್ಯಾಪ್‌ಗೆ ಈ ಸುಲಭ ರಿಪೇರಿಯಿಲ್ಲ. ಫ್ಲೋರೈಡ್ ನೀರು ಕುಡಿದು ಬೆಳೆದ ರಾಯಚೂರು, ಕೊಪ್ಪಳ ಕಡೆಯವರ ಕಂದುಗಲೆಯನ್ನೂ ಇದರಿಂದ ಮುಚ್ಚಬಹುದು, ಆದರೆ ಮೇಲ್ಪದರದ ಕಲೆಯನ್ನು ಮೊದಲು ಉಜ್ಜಿ ನೋಡುವುದು ಜಾಣತನ. ರಾತ್ರಿ ಹಲ್ಲು ಕಡಿಯುವವರಲ್ಲಿ, ಹಲ್ಲಿನ ಬಹುಭಾಗ ಹೋಗಿ ರೂಟ್ ಕೆನಾಲ್ ಆದವರಲ್ಲಿ ಈ ವಾದ ನಿಲ್ಲದು; ಅಲ್ಲಿ ಕ್ಯಾಪೇ ಸರಿ.