ಕಡಲಾಚೆಯಿಂದ ಬಂದ ಕಸಬು

ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ. ನಮ್ಮ ಭಾಗದ ಹುಡುಗರು ಕೆಲಸಕ್ಕೆಂದು ಕಾಗಲದ ಎಂ.ಐ.ಡಿ.ಸಿ.ಗೆ ಹೋಗುತ್ತಾರೆ, ಕೆಲವರು ಗಲ್ಫ್ ದೇಶಗಳಿಗೆ. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ: ಯಾವ ಕಸಬು ಬರುತ್ತದೆ? ಒಂದು ದೇಶದಲ್ಲಿ ಕೆಲಸ ಬಲ್ಲವರ ಕೊರತೆ, ಇನ್ನೊಂದರಲ್ಲಿ ಕಸಬು ಕಲಿಯದ ಯುವಕರು. ಈ ಅಂತರವನ್ನು ದೇಶಗಳು ಕೂಡಿ ತುಂಬಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಆದರೆ ಕನ್ನಡ ನಾಡಿಗೆ ಇದು ಹೊಸತಲ್ಲ.

1788ರಲ್ಲಿ ಟಿಪ್ಪು ಸುಲ್ತಾನರ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಸೈನ್ಯದ ನೆರವನ್ನಷ್ಟೇ ಕೇಳಲಿಲ್ಲ. ಗಾಜು, ಪಿಂಗಾಣಿ, ಗಡಿಯಾರ, ಬಂದೂಕು ಮಾಡಬಲ್ಲ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳು ಮಾತ್ರ ಬಂದರು. ಸರಕಿಗಿಂತ ಸರಕು ಮಾಡುವವನು ಬೇಕೆಂಬ ಆ ದೃಷ್ಟಿ ದೊಡ್ಡದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಪ್ರಯತ್ನವೂ ಮುಗಿಯಿತು.

ಸ್ವಾತಂತ್ರ್ಯದ ನಂತರ ಬೆಂಗಳೂರಿನಲ್ಲಿ 1953ರಲ್ಲಿ ಎಚ್.ಎಂ.ಟಿ. ಸ್ಥಾಪನೆಯಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಗಡಿಯಾರ ವಿದ್ಯೆ ಕೊಟ್ಟಿತು. ನಮ್ಮ ಹಿರಿಯರ ಕೈಯಲ್ಲಿದ್ದ ಎಚ್.ಎಂ.ಟಿ. ವಾಚು ಅದರ ಫಲ. ಆ ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು.

ಇದಕ್ಕಿಂತ ಗಟ್ಟಿಯಾಗಿ ಬೇರೂರಿದ್ದು 1972ರ ಒಂದು ಸಂಸ್ಥೆ. ಸಣ್ಣ ಕೈಗಾರಿಕೆಗಳಿಗೆ ಡೈ, ಮೋಲ್ಡ್, ಜಿಗ್‌ಗಳು ಬೇಕು. ಅವನ್ನು ಕರಾರುವಾಕ್ಕಾಗಿ ಮಾಡುವ ಕೈಗಳು ವಿರಳ. ಡೆನ್ಮಾರ್ಕ್ ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಆರಂಭವಾಯಿತು. ಅಲ್ಲಿ ಪಾಠ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ ಎಂಬುದಿಲ್ಲ. ಕೈಗಾರಿಕೆಗೆ ಬೇಕಾದ ಉಪಕರಣವನ್ನು ನಿಜವಾಗಿಯೂ ತಯಾರಿಸುವ ಜಾಗದಲ್ಲಿಯೇ ಹುಡುಗರು ಕಲಿಯುತ್ತಾರೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಡೆನ್ಮಾರ್ಕಿನ ನೆರವಿನ ಕಾಲ ಮುಗಿದು ದಶಕಗಳಾದವು. ಕಲಿಸುವ ಪದ್ಧತಿ ಉಳಿದು ಬೆಳಗಾವಿ, ಹುಬ್ಬಳ್ಳಿ, ಮೈಸೂರು, ಕಲಬುರಗಿ ಮೊದಲಾದ ಕಡೆ ಕವಲೊಡೆಯಿತು. ಯಂತ್ರ ಹಳತಾಗುತ್ತದೆ, ಕಂಪನಿ ಮುಚ್ಚುತ್ತದೆ. ಕಲಿಸುವವರನ್ನು ತಯಾರು ಮಾಡಿದ ಸಹಕಾರ ಮಾತ್ರ ಬಾಳಿತು ಎಂಬುದು ನನ್ನ ಅಭಿಪ್ರಾಯ.

ನಮ್ಮ ಸಮುದಾಯದಲ್ಲಿ ಕಸಬಿಗೆ ಬರವಿಲ್ಲ. ಗ್ಯಾರೇಜು, ವೆಲ್ಡಿಂಗ್, ಲೇತ್, ವೈರಿಂಗ್ ಎಲ್ಲವನ್ನೂ ಉಸ್ತಾದರ ಕೈಕೆಳಗೆ ಕಲಿತವರಿದ್ದಾರೆ. ಇಂಜಿನ್ ಸದ್ದು ಕೇಳಿಯೇ ದೋಷ ಹೇಳಬಲ್ಲ ಉಸ್ತಾದರಿಗೆ ಯಾವ ಪದವೀಧರ ಸಮ? ಆದರೆ ಅವರ ಶಾಗಿರ್ದನ ಬಳಿ ಡ್ರಾಯಿಂಗ್ ಓದುವ ಅಭ್ಯಾಸವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಹೀಗಾಗಿ ಪರದೇಶದಲ್ಲಿ ಅವನು ಬಲ್ಲ ಕೆಲಸಕ್ಕೂ ಹೆಲ್ಪರ್ ಸಂಬಳವೇ ಗತಿಯಾಗುತ್ತದೆ.

ಈಗ ಬಾಗಿಲು ಇನ್ನಷ್ಟು ತೆರೆದಿದೆ. 2022ರ ಡಿಸೆಂಬರಿನಲ್ಲಿ ಭಾರತ ಮತ್ತು ಜರ್ಮನಿ ವಲಸೆಯ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ನುರಿತ ಭಾರತೀಯ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರಿನಲ್ಲಿ ಜರ್ಮನಿ ಪ್ರಕಟಿಸಿತು. ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡುವ ಗಡಿಯ ಮಕ್ಕಳಿಗೆ ಜರ್ಮನ್ ಭಾಷೆ ನಾಲ್ಕನೆಯದಾಗಬಹುದು. ಬೆಳಗಾವಿಯ ಜಿ.ಟಿ.ಟಿ.ಸಿ.ಗೆ ಅರ್ಜಿ ಹಾಕಲು ಎಸ್.ಎಸ್.ಎಲ್.ಸಿ. ಸಾಕು. ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಈ ರಜೆಯಲ್ಲೇ ಹೋಗಿ ನೋಡಿ ಬರಲಿ, ಜೊತೆಗೆ ಉಸ್ತಾದರನ್ನೂ ಕರೆದೊಯ್ಯಲಿ.