ಮರಳಿನ ದಾರಿ

ಕಡಲತೀರದ ಮರಳು ಇದ್ದಲ್ಲೇ ಬಿದ್ದಿರುವ ವಸ್ತುವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ದಾರಿಹೋಕ. ಅಲೆ ಓರೆಯಾಗಿ ಬಂದು ದಡಕ್ಕೆ ಬಡಿದಾಗ ಮರಳಿನ ಕಣವೂ ಓರೆಯಾಗಿ ಮೇಲೇರುತ್ತದೆ. ನೀರು ಹಿಂದೆ ಸರಿಯುವಾಗ ಇಳಿಜಾರಿನಲ್ಲಿ ನೇರವಾಗಿ ಕೆಳಗಿಳಿಯುತ್ತದೆ. ಹೀಗೆ ಹತ್ತುತ್ತ ಇಳಿಯುತ್ತ ಪ್ರತಿ ಅಲೆಗೂ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಅಲೆಯ ದಿಕ್ಕು ಬದಲಾದರೆ ಮರಳಿನ ಪಯಣದ ದಿಕ್ಕೂ ಬದಲಾಗುತ್ತದೆ. ಮದರಾಸಿನ ತೀರದಲ್ಲಿ ವರ್ಷದ ಹೆಚ್ಚಿನ ತಿಂಗಳು ಅಲೆಗಳು ದಕ್ಷಿಣದ ಕಡೆಯಿಂದ ಬರುವುದರಿಂದ ಮರಳು ಉತ್ತರಕ್ಕೆ ಹೋಗುತ್ತದೆ. ಈಶಾನ್ಯ ಮಾರುತದ ಕೆಲವು ತಿಂಗಳು ಸ್ವಲ್ಪ ಭಾಗ ಹಿಂದಿರುಗುತ್ತದೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಉತ್ತರಕ್ಕೆ ಹೋದದ್ದೇ ಹೆಚ್ಚು.

ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಪಾಠ ಮಾಡುವವಳು ನಾನು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮದರಾಸಿನಲ್ಲಿ ಜಾಗ ಸಿಕ್ಕಿತು, ಸೇಂಟ್ ಜಾರ್ಜ್ ಕೋಟೆ ಎದ್ದಿತು ಎಂದು ಪ್ರತಿ ವರ್ಷವೂ ಹೇಳುತ್ತೇನೆ. ಆ ಕೋಟೆಯ ಮುಂದೆ ಬಂದರೇ ಇರಲಿಲ್ಲ ಎಂಬ ಮಾತು ಪಾಠದಲ್ಲಿ ಬರುವುದಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಹಗ್ಗದಿಂದ ಹಲಗೆಗಳನ್ನು ಹೊಲಿದ ಮಸೂಲ ದೋಣಿಗಳಲ್ಲಿ ಜನರೂ ಸರಕೂ ಅಲೆಗಳ ಅಬ್ಬರವನ್ನು ದಾಟಿ ದಡ ಸೇರಬೇಕಿತ್ತು.

ಈ ಪಾಡು ತಪ್ಪಿಸಲೆಂದು 1870ರ ದಶಕದಲ್ಲಿ ಬಂದರಿನ ಕೆಲಸ ಆರಂಭವಾಯಿತು. ಕಡಲಿನೊಳಕ್ಕೆ ಕಲ್ಲಿನ ತಡೆಗೋಡೆಗಳು ಚಾಚಿದವು. 1881ರ ಚಂಡಮಾರುತ ಅವನ್ನು ಮುರಿದುಹಾಕಿದರೂ ಮತ್ತೆ ಕಟ್ಟಿದರು. ಹಡಗುಗಳಿಗೆ ನೆರಳು ಸಿಕ್ಕಿತು. ಮರಳಿಗೆ ಮಾತ್ರ ದಾರಿ ಕಟ್ಟಿಹೋಯಿತು. ದಕ್ಷಿಣದಿಂದ ನಡೆದು ಬಂದ ಮರಳು ಗೋಡೆಯ ಬುಡದಲ್ಲಿ ನಿಂತು, ಕೂಡಿ, ದಡವನ್ನೇ ಕಡಲಿನತ್ತ ಬೆಳೆಸಿತು.

ಮದರಾಸಿಗೆ ಹೋದವರು ಕಡಲೆಕಾಯಿ ತಿನ್ನುತ್ತ, ಬಿಸಿಮರಳಿನಲ್ಲಿ ಕಾಲು ಸೋಲುವಷ್ಟು ನಡೆದು ನೀರು ಮುಟ್ಟುವ ಮರೀನಾ ಬೀಚು ಇಷ್ಟು ಅಗಲವಾದದ್ದು ಹೀಗೆ. ಅಲ್ಲಿನ ಐಸ್ ಹೌಸ್ ಇದಕ್ಕೆ ಸಾಕ್ಷಿ. ಅಮೆರಿಕದಿಂದ ಹಡಗಿನಲ್ಲಿ ಬಂದ ಮಂಜುಗಡ್ಡೆಯನ್ನು ಇಳಿಸಿಡಲೆಂದು 1842ರಲ್ಲಿ ದಡಕ್ಕೆ ಹತ್ತಿರವಾಗಿ ಕಟ್ಟಿದ ಉಗ್ರಾಣ ಅದು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆಯೂ ಅದೇ. ಈಗ ಅದರ ಬಾಗಿಲಲ್ಲಿ ನಿಂತರೆ ಎದುರಿಗೆ ದೊಡ್ಡ ರಸ್ತೆ, ರಸ್ತೆಯಾಚೆ ಮರಳು; ಅಲೆಗಳು ಬಲು ದೂರ.

ಮೇಲಿನ ಹೊಲದವನು ಕಾಲುವೆಗೆ ಒಡ್ಡು ಹಾಕಿದರೆ ಕೆಳಗಿನವನ ಪೈರು ಒಣಗುವುದು ನಮಗೆಲ್ಲ ಗೊತ್ತು. ಮರೀನಾದಲ್ಲಿ ನಿಂತ ಮರಳು ಬಂದರಿನ ಉತ್ತರಕ್ಕಿರುವ ರಾಯಪುರಂಗೆ ಸಲ್ಲಬೇಕಾದದ್ದು. ಅಲ್ಲಿ ಅಲೆಗಳು ಮರಳನ್ನು ಒಯ್ಯುವುದನ್ನು ನಿಲ್ಲಿಸಲಿಲ್ಲ, ತಂದುಕೊಡುವುದು ಮಾತ್ರ ನಿಂತಿತು. ದಡ ಸವೆಯಿತು. ಮೀನುಗಾರರು ದೋಣಿ ಎಳೆದಿಡುವ, ಬಲೆ ಹರವುವ, ಹೆಂಗಸರು ಮೀನು ಒಣಗಿಸುವ ಜಾಗ ನೀರುಪಾಲಾಯಿತು, ಮನೆಗಳೂ ಹೋದವು. ಉಳಿದದ್ದನ್ನು ಕಾಯಲು ಬಂಡೆಗಲ್ಲುಗಳನ್ನು ಸುರಿದರು. ಕಲ್ಲು ಇದ್ದಲ್ಲಿ ಕೊರೆತ ನಿಂತರೆ, ಅದರಾಚೆಯ ಊರಿನಲ್ಲಿ ಶುರುವಾಯಿತು.

ನಮ್ಮ ಉಳ್ಳಾಲದ ಕಥೆ ಇದರ ಪಡಿಯಚ್ಚಲ್ಲ. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಕಡಲೊಳಕ್ಕೆ ಎಳೆದುಕೊಳ್ಳುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಬಹುಪಾಲನ್ನು ಹಿಂದಕ್ಕೆ ತಂದಿಡುತ್ತವೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಬಾಯಿಗೆ 1990ರ ದಶಕದಲ್ಲಿ ತಡೆಗೋಡೆಗಳು ಬಂದವು. ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಎಷ್ಟೋ ತೆಂಗಿನಮರಗಳೂ ಮನೆಗಳೂ ಬಲಿಯಾಗಿವೆ. ಗೋಡೆಯೊಂದೇ ಕಾರಣವಲ್ಲ, ಮಳೆಗಾಲದ ಅಲೆಗಳ ಬಲವೂ ಸೇರಿದೆ. ಭೂಮಿ ಬಿಸಿಯೇರಿದಂತೆ ಗಾಳಿ ಬದಲಾಗಿ, ಅಲೆಗಳ ಎತ್ತರವೂ ದಿಕ್ಕೂ ಬದಲಾಗಬಹುದೆಂದು ವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ. ಹಾಗಾದರೆ ಇಂದು ಮರಳು ಸಿಗುತ್ತಿರುವ ದಡಕ್ಕೆ ನಾಳೆಯೂ ಸಿಕ್ಕೀತೆಂಬ ಭರವಸೆ ಇಲ್ಲ.

ಕೋಟೆ ಕಟ್ಟಿದವರ, ಬಂದರು ಕಟ್ಟಿಸಿದವರ ಹೆಸರು, ಇಸವಿಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಕಟ್ಟಿದ ಮೇಲೆ ಪಕ್ಕದ ಊರಿಗೆ ಏನಾಯಿತು ಎಂಬ ಪ್ರಶ್ನೆಯನ್ನೂ ಈಗ ತರಗತಿಯಲ್ಲಿ ಕೇಳುತ್ತೇನೆ. ಮೀನು ಒಣಗಿಸುವ ಜಾಗ ಕಳೆದುಕೊಂಡ ಹೆಂಗಸಿನ ಬದುಕೂ ಚರಿತ್ರೆಯೇ.