ತೋಟದ ಮನೆ ಈಜುಕೊಳಕ್ಕೆ ಉಪ್ಪಿನ ಕ್ಲೋರಿನ್ ಮಷೀನ್: ತಗೊಳ್ಳೋಕೆ ಮುಂಚೆ ಇಷ್ಟು ತಿಳಿದಿರಲಿ

ಕಟ್ಟೆಮಳಲವಾಡಿ (ಹುಣಸೂರು ತಾ.): ನಾಗರಹೊಳೆ, ಕಬಿನಿ ಹಿನ್ನೀರಿನ ಆಸುಪಾಸು ಹೋಂಸ್ಟೇ, ತೋಟದ ಮನೆ ಕಟ್ಟುವವರು ಸಣ್ಣದೊಂದು ಈಜುಕೊಳವನ್ನೂ ಸೇರಿಸಿಕೊಳ್ಳುವುದು ಈಗ ಮಾಮೂಲಿ. ಕೊಳ ತೋಡಿಸುವಾಗ ಗುತ್ತಿಗೆದಾರರು ಹೇಳುವ ಮಾತು ಒಂದಿದೆ: ‘ಉಪ್ಪಿನ ಮಷೀನ್ ಹಾಕ್ಸಿ ಸಾರ್, ಕ್ಲೋರಿನ್ ತಾಪತ್ರಯನೇ ಇರಲ್ಲ.’ ಇದು ಅರ್ಧ ಮಾತ್ರ ನಿಜ.

ಕ್ಲೋರಿನ್ ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ. 2024ರ ಮೇನಿಂದ ಜುಲೈವರೆಗೆ ಪಕ್ಕದ ಕೇರಳದ ಮಲಪ್ಪುರಂ, ಕಣ್ಣೂರು, ಕೋಳಿಕ್ಕೋಡ್ ಜಿಲ್ಲೆಗಳ ಮೂವರು ಮಕ್ಕಳು ಮಿದುಳಿಗೆ ಹೋಗುವ ಅಮೀಬಾ ಸೋಂಕಿನಿಂದ ತೀರಿಕೊಂಡರು. ಈ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತೆ, ಮೂಗಿನ ಮೂಲಕ ಒಳಗೆ ಹೋಗುತ್ತೆ. ನೀರಿನಲ್ಲಿ ಸದಾ ಸರಿಯಾದ ಪ್ರಮಾಣದ ಕ್ಲೋರಿನ್ ಇದ್ದರೆ ಉಳಿಯಲ್ಲ.

ಮಷೀನ್ ಏನು ಮಾಡುತ್ತೆ?

ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಉಪ್ಪು ಬೆರೆತ ಕೊಳದ ನೀರು ಪೈಪಿನಲ್ಲಿರುವ ‘ಸೆಲ್’ ಮೂಲಕ ಹಾದುಹೋಗುತ್ತೆ. ಸೆಲ್ ಒಳಗೆ ಲೇಪನ ಮಾಡಿದ ಟೈಟಾನಿಯಂ ತಗಡುಗಳಿರುತ್ತವೆ. ಅವಕ್ಕೆ ಕಡಿಮೆ ವೋಲ್ಟೇಜಿನ ಡಿಸಿ ಕರೆಂಟ್ ಕೊಟ್ಟಾಗ ಉಪ್ಪಿನಿಂದ ಕ್ಲೋರಿನ್ ಹುಟ್ಟಿ ನೀರಿನಲ್ಲೇ ಕರಗುತ್ತೆ. ಅದು ಕ್ರಿಮಿ ಕೊಂದ ಮೇಲೆ ಮತ್ತೆ ಉಪ್ಪಾಗುತ್ತೆ. ಹಾಗಾಗಿ ಉಪ್ಪು ಖರ್ಚಾಗೋದು ಕಡಿಮೆ. ಫಿಲ್ಟರ್ ತೊಳೆದಾಗ, ನೀರು ಚೆಲ್ಲಿದಾಗ, ಮಳೆಗೆ ಕೊಳ ತುಂಬಿ ಹರಿದಾಗ ಮಾತ್ರ ಹೋಗುತ್ತೆ.

ಅಂದರೆ ‘ಉಪ್ಪಿನ ಕೊಳದಲ್ಲಿ ಕ್ಲೋರಿನ್ ಇಲ್ಲ’ ಅನ್ನೋದು ತಪ್ಪು ತಿಳಿವಳಿಕೆ. ಅಲ್ಲಿರೋದೂ ಕ್ಲೋರಿನ್ನೇ. ದಿನಾ ಪುಡಿ ತಂದು ಸುರಿಯೋದು ತಪ್ಪುತ್ತೆ, ಅಷ್ಟೇ.

ಎಷ್ಟು ಉಪ್ಪು, ಎಂಥ ಉಪ್ಪು?

ಹೆಚ್ಚಿನ ಮಷೀನುಗಳಿಗೆ ಲೀಟರಿಗೆ 3ರಿಂದ 3.5 ಗ್ರಾಂ ಉಪ್ಪು ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತೆ. ಅದರ ಹತ್ತನೇ ಒಂದು ಪಾಲು. ಬಾಯಿಗೆ ಚೂರು ಉಪ್ಪು ಅನಿಸುತ್ತೆ, ಮೈ ಅಂಟಲ್ಲ.

20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಕೊಳ ಅಂದರೆ 800 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್‌ನಂತೆ ಸುಮಾರು 22,600 ಲೀಟರ್ ಆಯ್ತು. ಲೀಟರಿಗೆ 3 ಗ್ರಾಂ ಲೆಕ್ಕದಲ್ಲಿ 68 ಕೆ.ಜಿ. ಉಪ್ಪು ಬೇಕು. ಒಂದೇ ಸಲ ಸುರಿಯಬೇಡಿ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಸ್ವಲ್ಪ ಉಪ್ಪಿರುತ್ತೆ. 25 ಕೆ.ಜಿ.ಯ ಎರಡು ಚೀಲ ಹಾಕಿ, ಪಂಪ್ ಓಡಿಸಿ, 24 ಗಂಟೆ ಬಿಟ್ಟು ಅಳೆದು ಮಿಕ್ಕಿದ್ದನ್ನು ಸೇರಿಸಿ. ಹೆಚ್ಚಾದರೆ ನೀರು ಹೊರಗೆ ಚೆಲ್ಲೋದು ಬಿಟ್ಟು ಬೇರೆ ದಾರಿ ಇಲ್ಲ. ಉಪ್ಪು ಪೂರ್ತಿ ಕರಗುವವರೆಗೆ ಮಷೀನ್ ಆನ್ ಮಾಡಬಾರದು. ಹೊಸ ಸಿಮೆಂಟ್ ಪ್ಲಾಸ್ಟರ್ ಆಗಿದ್ದರೆ ಒಂದು ತಿಂಗಳು ಕಾಯಬೇಕು.

ಅಡುಗೆಯ ಅಯೋಡಿನ್ ಉಪ್ಪು ಬೇಡ. ಮಣ್ಣು, ಕಸ ಇರುವ ಕಲ್ಲುಪ್ಪೂ ಬೇಡ, ಸೆಲ್ಲಿನ ಮೇಲೆ ಕಲೆ, ಗಾರೆ ಕೂರುತ್ತೆ. ವಾಟರ್ ಸಾಫ್ಟ್‌ನರ್‌ಗೆ ಬಳಸುವ, 99 ಪರ್ಸೆಂಟ್ ಮೇಲೆ ಶುದ್ಧವಿರುವ ಇಂಡಸ್ಟ್ರಿಯಲ್ ಉಪ್ಪು ಸೂಕ್ತ.

ಮಷೀನ್ ಸೈಜ್ ನೋಡೋದು ಹೇಗೆ?

ಅಂಗಡಿಯಲ್ಲಿ ‘ಇಷ್ಟು ಸಾವಿರ ಲೀಟರಿಗೆ’ ಅಂತ ಹೇಳ್ತಾರೆ. ಅದರ ಬದಲು ‘ಗಂಟೆಗೆ ಎಷ್ಟು ಗ್ರಾಂ ಕ್ಲೋರಿನ್ ಕೊಡುತ್ತೆ?’ ಅಂತ ಕೇಳಿ.

ಬಿಸಿಲಿಗೆ ತೆರೆದ ಕೊಳಕ್ಕೆ ದಿನಕ್ಕೆ 1,000 ಲೀಟರಿಗೆ ಸುಮಾರು 4 ಗ್ರಾಂ ಕ್ಲೋರಿನ್ ಬೇಕು ಅಂತಿಟ್ಟುಕೊಳ್ಳಿ. ಮೇಲಿನ ಕೊಳಕ್ಕೆ 90 ಗ್ರಾಂ ಆಯ್ತು. ಪಂಪ್ ದಿನಕ್ಕೆ 6 ಗಂಟೆ ಓಡಿದರೆ ಗಂಟೆಗೆ 15 ಗ್ರಾಂ ಬೇಕು. ಹಳ್ಳಿ ಕಡೆ ಕರೆಂಟ್ ಹೋಗಿ ಬಂದು ಮಾಡುತ್ತೆ, ರಜೆ ದಿನ ಜನ ಜಾಸ್ತಿ. ಹಾಗಾಗಿ 20ರಿಂದ 25 ಗ್ರಾಂನ ಮಷೀನ್ ತಗೊಂಡು ಕಮ್ಮಿ ಇಟ್ಟು ಓಡಿಸೋದು ಒಳ್ಳೇದು. ಸಣ್ಣದು ತಗೊಂಡು ಪೂರ್ತಿ ಓಡಿಸಿದರೆ ಸೆಲ್ ಬೇಗ ಸವೆಯುತ್ತೆ.

ತಗೊಳ್ಳುವಾಗ ಈ ನಾಲ್ಕು ವಿಷಯ ಖಚಿತ ಮಾಡಿಕೊಳ್ಳಿ:

1. ನೀರು ಹರಿಯದಿದ್ದರೆ ತಾನೇ ಆಫ್ ಆಗುವ ಫ್ಲೋ ಸ್ವಿಚ್ ಇರಲೇಬೇಕು. ಸೆಲ್ಲಿನಲ್ಲಿ ಹೈಡ್ರೋಜನ್ ಗ್ಯಾಸ್ ಕೂಡ ಹುಟ್ಟುತ್ತೆ. ನಿಂತ ನೀರಿನಲ್ಲಿ ಅದು ತುಂಬಿಕೊಂಡರೆ ಸಿಡಿಯುವ ಅಪಾಯ ಇದೆ. ಪಂಪ್ ನಿಂತರೆ ಮಷೀನೂ ನಿಲ್ಲುವಂತೆ ವೈರಿಂಗ್ ಮಾಡಿಸಿ.

2. ಕರೆಂಟಿನ ದಿಕ್ಕು ಬದಲಿಸಿ ತಾನೇ ಸೆಲ್ ಕ್ಲೀನ್ ಮಾಡಿಕೊಳ್ಳುವ ವ್ಯವಸ್ಥೆ ಬೇಕು. ಗಡಸು ಬೋರ್ ನೀರಿಗೆ ಇದು ಮುಖ್ಯ.

3. ಸೆಲ್ಲಿನ ಬೆಲೆ ಬೇರೆಯಾಗಿ ಕೇಳಿ. ಸಾಮಾನ್ಯವಾಗಿ ಸೆಲ್ ಬಾಳಿಕೆ 8,000ದಿಂದ 10,000 ಗಂಟೆ. ದಿನಕ್ಕೆ 8 ಗಂಟೆ ಓಡಿದರೆ ಸುಮಾರು ಮೂರು ವರ್ಷ. ಆಮೇಲೆ ಹೊಸ ಸೆಲ್ ಖರ್ಚು ಗ್ಯಾರಂಟಿ. ಅದು ಮೈಸೂರಿನಲ್ಲೇ ಸಿಗುತ್ತಾ ಅನ್ನೋದೂ ಗೊತ್ತಿರಲಿ.

4. ಅರ್ಥಿಂಗ್ ಮತ್ತು 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಬೇಡಿ.

ದಿನದ ಕೆಲಸ

ವಾರಕ್ಕೆ ಎರಡು ಸಲವಾದರೂ ಟೆಸ್ಟ್ ಕಿಟ್‌ನಲ್ಲಿ ನೀರು ನೋಡಬೇಕು. ಜನ ಇಳಿಯುವ ದಿನ ತಪ್ಪದೆ ನೋಡಬೇಕು. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇರಲಿ. ಈ ಮಷೀನ್ ಪಿಎಚ್ ಅನ್ನು ಮೇಲಕ್ಕೆ ತಳ್ಳುತ್ತೆ. ಪಿಎಚ್ 8 ದಾಟಿದರೆ ಕ್ಲೋರಿನ್ ಇದ್ದರೂ ಕೆಲಸ ನಿಧಾನ. ಇಳಿಸೋಕೆ ಸ್ವಲ್ಪ ಸ್ವಲ್ಪವೇ ಆಸಿಡ್ ಹಾಕಬೇಕು. ಪಂಪ್ ಓಡುತ್ತಿರಬೇಕು, ಕೊಳದಲ್ಲಿ ಯಾರೂ ಇರಬಾರದು.

ಬಿಸಿಲು ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ತಿಂದುಹಾಕುತ್ತೆ. ಅದನ್ನು ತಡೆಯೋಕೆ ಸಯನ್ಯೂರಿಕ್ ಆಸಿಡ್ ಅನ್ನೋ ಸ್ಟೆಬಿಲೈಸರ್ 30ರಿಂದ 50 ಪಿಪಿಎಂ ಬೇಕು. ಸ್ಟೆಬಿಲೈಸರ್ ಹಾಕಿದ ಕೊಳದಲ್ಲಿ ಕ್ಲೋರಿನ್ ಅನ್ನು 3ರ ಹತ್ತಿರವೇ ಇಟ್ಟುಕೊಳ್ಳಿ. ಜೋರು ಮಳೆ ಆದ ಮೇಲೆ ಉಪ್ಪೂ ಅಳೆಯಿರಿ.

ಸೆಲ್ಲಿಗೆ ಬಿಳಿ ಗಾರೆ ಕಟ್ಟಿದ್ದರೆ ಕರೆಂಟ್ ತೆಗೆದು, ಸೆಲ್ ಬಿಚ್ಚಿ, ತೆಳು ಆಸಿಡ್ ನೀರಿನಲ್ಲಿ ಕೆಲವು ನಿಮಿಷ ನೆನೆಸಿ ತೊಳೆಯಬೇಕು. ಹತ್ತು ಪಾಲು ನೀರಿಗೆ ಒಂದು ಪಾಲು ಆಸಿಡ್. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಚಾಕುವಿನಲ್ಲಿ ಕೆರೆದರೆ ಲೇಪನ ಹೋಗಿ ಸೆಲ್ ಹಾಳಾಗುತ್ತೆ.

ಖರ್ಚಿನ ಹೋಲಿಕೆ

ಮಷೀನ್ ತಿನ್ನುವ ಕರೆಂಟ್ ಒಂದೆರಡು ಫ್ಯಾನಿನಷ್ಟು. ಬಿಲ್ ಬರೋದು ಪಂಪಿನಿಂದ. 1 ಎಚ್‌ಪಿ ಪಂಪ್ 8 ಗಂಟೆ ಓಡಿದರೆ ಸುಮಾರು 6 ಯೂನಿಟ್. ಮಷೀನ್ ಇಲ್ಲದಿದ್ದರೂ ಫಿಲ್ಟರ್‌ಗೆ ಅದು ಬೇಕೇ.

ಮೇಲಿನ ಕೊಳದ 90 ಗ್ರಾಂ ಕ್ಲೋರಿನ್‌ಗೆ 30 ಪರ್ಸೆಂಟ್ ಬ್ಲೀಚಿಂಗ್ ಪೌಡರ್ ಆದರೆ ದಿನಕ್ಕೆ 300 ಗ್ರಾಂ, 10 ಪರ್ಸೆಂಟ್ ಹೈಪೋ ದ್ರಾವಣ ಆದರೆ ಸುಮಾರು 900 ಎಂ.ಎಲ್. ಬೇಕು. ಇದರ ತಿಂಗಳ ಖರ್ಚನ್ನೂ, ಮಷೀನಿನ ಬೆಲೆಯ ಜೊತೆಗೆ ಮೂರು ವರ್ಷಕ್ಕೊಂದು ಸೆಲ್ಲಿನ ಬೆಲೆಯನ್ನೂ ಪಕ್ಕಪಕ್ಕ ಬರೆದು ನೋಡಿ. ಅಪರೂಪಕ್ಕೆ ಬಳಸುವ ಕೊಳಕ್ಕೆ, ಮಕ್ಕಳ ಸಣ್ಣ ತೊಟ್ಟಿಗೆ ಮಷೀನ್ ಲಾಭ ಇಲ್ಲ.

ಅಂಗಡಿಯವರ ಗಮನಕ್ಕೆ

ಬ್ಲೀಚಿಂಗ್ ಪೌಡರ್ ಅಥವಾ ಹೈಪೋ ಜೊತೆ ಆಸಿಡ್ ಸೇರಿದರೆ ವಿಷದ ಕ್ಲೋರಿನ್ ಗ್ಯಾಸ್ ಏಳುತ್ತೆ. ಎರಡನ್ನೂ ಒಂದೇ ಶೆಲ್ಫಿನಲ್ಲಿಡಬೇಡಿ, ಒಂದೇ ಚೀಲದಲ್ಲಿ ಕಟ್ಟಿಕೊಡಬೇಡಿ. ಕುಡಿಯುವ ನೀರಿನ ಬಾಟಲಿಗೆ ಆಸಿಡ್ ತುಂಬಿಸಿ ಕೊಡಲೇಬೇಡಿ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವಂತಿಲ್ಲ. ಇಂಡಸ್ಟ್ರಿಯಲ್ ಉಪ್ಪಿನ ಚೀಲ ಬೇರೆಯಾಗಿಟ್ಟು, ಗಿರಾಕಿಗೆ ಬಾಯಿಬಿಟ್ಟು ಹೇಳಿ.

ನೀರು ಎಲ್ಲಿಗೆ ಬಿಡ್ತೀರಿ?

ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಹೊಗೆಸೊಪ್ಪಿಗೆ ಮ್ಯೂರಿಯೇಟ್ ಆಫ್ ಪೊಟಾಷ್ ಹಾಕದೆ ಸಲ್ಫೇಟ್ ಆಫ್ ಪೊಟಾಷ್ ಯಾಕೆ ಹಾಕ್ತಾರೆ ಅನ್ನೋದು ಇಲ್ಲಿನ ರೈತರಿಗೆ ಗೊತ್ತು. ಕ್ಲೋರೈಡ್ ಜಾಸ್ತಿ ಆದರೆ ಎಲೆ ಸರಿಯಾಗಿ ಉರಿಯಲ್ಲ, ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯಲ್ಲಿ ಅಂಥ ಸೊಪ್ಪಿಗೆ ಬೆಲೆ ಬರಲ್ಲ. ಉಪ್ಪಿನ ಕೊಳ ಒಂದು ಸಲ ಖಾಲಿ ಮಾಡಿದರೆ 68 ಕೆ.ಜಿ. ಉಪ್ಪನ್ನು ಮಣ್ಣಿಗೆ ಸುರಿದಂತೆ. ಆ ನೀರು ಸಸಿಮಡಿಗೆ, ಹೊಗೆಸೊಪ್ಪಿನ ಹೊಲಕ್ಕೆ, ತೆಂಗು ಬಾಳೆ ಬುಡಕ್ಕೆ, ಬಾವಿ ಬೋರ್‌ವೆಲ್ ಹತ್ತಿರಕ್ಕೆ ಹೋಗಬಾರದು. ಲಕ್ಷ್ಮಣತೀರ್ಥ ನದಿಗೆ, ಕಟ್ಟೆಯ ನಾಲೆಗೆ ಬಿಡೋದಂತೂ ಸಲ್ಲ. ಕೆಳಗಿನ ಊರವರು ಅದೇ ನೀರು ಬಳಸ್ತಾರೆ.

ಚೆನ್ನಾಗಿ ನೋಡಿಕೊಂಡರೆ ಒಂದೇ ನೀರು ವರ್ಷಗಟ್ಟಲೆ ಬಾಳುತ್ತೆ. ಕಾರ್ಟ್ರಿಜ್ ಫಿಲ್ಟರ್ ಹಾಕಿಸಿದರೆ ತೊಳೆದು ಚೆಲ್ಲುವ ನೀರೂ ಕಡಿಮೆ. ಸುತ್ತಲೂ ಬೆಳೆ ಇದ್ದು ನೀರು ಬಿಡೋಕೆ ಜಾಗವೇ ಇಲ್ಲ ಅಂದರೆ, ಉಪ್ಪಿನ ಮಷೀನ್ ಬಿಟ್ಟು ಹೈಪೋ ದ್ರಾವಣವನ್ನೇ ಅಳೆದು ಹಾಕೋದು ವಾಸಿ. ಕೊಳ ಮನೆಯದಾದರೂ ಅದರ ನೀರು ಇಳಿಯೋದು ಅಕ್ಕಪಕ್ಕದವರ ಹೊಲಕ್ಕೇ.